ಮೊದಲು ಊಟ, ಆಮೇಲೆ ಮಾತು

ನನಗೆ ಚಿಕ್ಕಂದಿನಿಂದಲೂ ಒಂದು ರೋಗವಿದೆ. ಕಂಡವರನ್ನೆಲ್ಲ ಕೇಳುವ ರೋಗ. ಹಂಗಾರಕಟ್ಟೆಯಲ್ಲಿ ನಮ್ಮ ಮನೆಯ ಹತ್ತಿರವೇ ದೋಣಿ ಕಟ್ಟುವ ಜಾಗ. ಶಾಲೆ ಬಿಟ್ಟವಳೇ ಅಲ್ಲಿ ಹೋಗಿ ನಿಂತು ಈ ಹಲಗೆ ಎಂತಕೆ ಬಗ್ಗಿದ್ದು, ಆ ಮೊಳೆ ಎಂತಕೆ ಅಷ್ಟು ಉದ್ದ ಎಂದು ಬಡಗಿಗಳ ತಲೆ ತಿನ್ನುತ್ತಿದ್ದೆ. "ಊರ ಉಸಾಬರಿ ಎಲ್ಲ ನಿಂಗೆಂತಕೆ ಹೆಣ್ಣೇ?" ಎಂದು ಅಬ್ಬೆ ಬೈದು ಬೈದು ಸೋತಳು.

ಮದುವೆಯಾಗಿ ಮಸ್ಕತ್ತಿಗೆ ಹೋದ ಮೇಲೆ ಕೇಳಲು ಯಾರೂ ಇರಲಿಲ್ಲ. ಗಂಡ ಬೆಳಿಗ್ಗೆ ಆಫೀಸಿಗೆ ಹೊರಟರೆ ನಾನು, ನಾಲ್ಕು ಗೋಡೆ ಮತ್ತು ಏಸಿಯ ಗುಂಯ್ ಸದ್ದು. ಹೀಗಿರುವಾಗ ಮೇಲಿನ ಮಹಡಿಯ ಹೆಂಗಸೊಬ್ಬರು, ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಮಾತಾಡಲು, ಅವರ ಭಾಷೆಯನ್ನು ಡಾಕ್ಟರರಿಗೆ ತಿಳಿಸಲು ಸ್ವಯಂಸೇವಕರು ಬೇಕಂತೆ ಎಂದರು. ನನಗೆ ಕನ್ನಡ, ತುಳು, ಕೊಂಕಣಿ, ಹಿಂದಿ ಎಲ್ಲ ಬರುತ್ತಿತ್ತು. ಮರುದಿನವೇ ಹೋದೆ. "ಸಂಬ್ಳ ಇಲ್ದೆ ಉಸಾಬರಿ ಮಾಡುಕೆ ಒಂದ್ ಜಾಗ ಸಿಕ್ತಲೆ ನಿಂಗೆ!" ಎಂದು ಗಂಡ ನಕ್ಕರು. ನಗಲಿ ಬಿಡಿ. ಕೊರಳಿಗೆ ಹಸಿರು ಪಟ್ಟಿಯ ಗುರುತುಚೀಟಿ ಹಾಕಿಕೊಂಡ ದಿನ ನನಗೆ ಆದ ಖುಷಿ ಅವರಿಗೇನು ಗೊತ್ತು?

ವಾರಕ್ಕೆ ಎರಡು ದಿನ ಹೋಗುತ್ತಿದ್ದೆ. ಗಾಲಿಕುರ್ಚಿ ತಳ್ಳುವುದು, ನೀರಿನ ಜಗ್ಗು ತುಂಬುವುದು, ಊರಿಂದ ಬಂದ ಕಾಗದ ಓದಿ ಹೇಳುವುದು. ಆದರೆ ನನ್ನ ಕಣ್ಣೆಲ್ಲ ದಿಂಬಿನಡಿಗೆ. ಯಾವ ದೇಶದವನೇ ಆಗಲಿ, ಮಂಚ ಸಿಕ್ಕಿದ ಕೂಡಲೇ ಏನಾದರೊಂದನ್ನು ದಿಂಬಿನಡಿ ಸೇರಿಸುತ್ತಾನೆ. ಬಲೂಚಿ ಮುದುಕನೊಬ್ಬ ಖರ್ಜೂರದ ಬೀಜಗಳನ್ನು ಕೂಡಿಡುತ್ತಿದ್ದ. ಎಂತಕೆ ಎಂದರೆ ಬಿಡಿಸಿ ಹೇಳಲಿಲ್ಲ. ಮಲಯಾಳಿ ಡ್ರೈವರನೊಬ್ಬ ತನ್ನ ಲಾರಿಯ ಕೀಲಿ ಇಟ್ಟುಕೊಂಡಿದ್ದ, ಲಾರಿ ಬೇರೆಯವರ ಕೈಗೆ ಹೋಗಿ ವಾರವಾಗಿದ್ದರೂ. ಒಮಾನಿ ರೋಗಿಗಳನ್ನು ನೋಡಲು ಬರುವ ನೆಂಟರು ಫ್ಲಾಸ್ಕಿನಲ್ಲಿ ಕಾಫಿ ತಂದು ಪಕ್ಕದ ಮಂಚದವನಿಗೂ ಕೊಡುತ್ತಿದ್ದರು, ಗುರುತು ಪರಿಚಯ ಏನೂ ಬೇಡ. ಇದೆಲ್ಲ ನೋಡಿ ಮುಗಿಯುತ್ತಲೇ ಇರಲಿಲ್ಲ.

ಹನ್ನೊಂದನೇ ಮಂಚದವರ ದಿಂಬಿನಡಿ ಸಿಕ್ಕಿದ್ದು ಕುಂದಾಪುರ–ಗಂಗೊಳ್ಳಿ ಬಸ್ಸಿನ ಟಿಕೆಟು. ನಾನು ಕಿರುಚುವುದೊಂದು ಬಾಕಿ. "ಹ್ವಾಯ್, ಗಂಗೊಳ್ಳಿಯರಾ ನೀವ್?" ಎಂದೆ. ಮಲಗಿದ್ದವರು ಎದ್ದೇ ಕೂತರು. ನಲವತ್ತೈದರ ಆಸುಪಾಸಿನ ಮನುಷ್ಯ. ಊರಲ್ಲಿ ಮಂಜುಗಡ್ಡೆ ಕಾರ್ಖಾನೆಯಲ್ಲಿದ್ದವರು, ಇಲ್ಲಿಯೂ ಅದೇ ಕೆಲಸ. ಎದೆನೋವೆಂದು ಬಂದಿದ್ದರು. ಹೃದಯದ ಆಪರೇಷನ್ ಆಗಬೇಕು, ತಡಮಾಡಿದರೆ ಜೀವಕ್ಕೆ ಅಪಾಯ, ನಾಳೆ ಬೆಳಿಗ್ಗೆಯೇ ಎಂದು ಡಾಕ್ಟರರು ಹೇಳಿದ್ದನ್ನು ನಾನೇ ಅವರಿಗೆ ಕನ್ನಡದಲ್ಲಿ ಹೇಳಿದೆ. ಒಪ್ಪಿಗೆಯ ಕಾಗದ ಮುಂದಿಟ್ಟರೆ ಅವರು ಪೆನ್ನು ಮುಟ್ಟಲಿಲ್ಲ.

"ಮನಿಯವ್ಳಿಗ್ ಹೇಳ್ದೆ ನಾ ಸೈನ್ ಹಾಕುದಿಲ್ಲೆ ಅಮ್ಮ. ಅವ್ಳ್ ಹೂಂ ಅಂದ್ರೆ ಹೂಂ."

"ನಾ ಫೋನ್ ಮಾಡಿ ಹೇಳ್ತೆ. ನೀವ್ ಮನಿಕಣಿ," ಎಂದು ಅವರನ್ನು ಮಲಗಿಸಿದೆ.

ಎಷ್ಟು ಧೈರ್ಯ ನೋಡಿ ನನಗೆ! ಆಗಿನ್ನೂ ಮನೆಮನೆಗೆ ಫೋನು ಬಂದಿರಲಿಲ್ಲ. ಅವರು ಕೊಟ್ಟದ್ದು ಪಕ್ಕದ ಮನೆಯ ನಂಬರು. ಮಸ್ಕತ್ತಿನಲ್ಲಿ ಹನ್ನೊಂದು ಗಂಟೆ ಎಂದರೆ ಊರಲ್ಲಿ ಹನ್ನೆರಡೂವರೆ. ಫೋನೆತ್ತಿದ್ದು ಆ ಮನೆಯ ಹಿರಿಯರು. ಮಸ್ಕತ್ತಿನ ಆಸ್ಪತ್ರೆಯಿಂದ ಮಾತಾಡುತ್ತಿದ್ದೇನೆ ಎಂದು ಹೇಳಿ, ಇವರ ಹೆಂಡತಿಯ ಊಟ ಆಯಿತೇ ಎಂದು ಕೇಳಿದೆ.

"ಇಲ್ಲೆ. ಈಗಳಿಕ್ ಮೀನ್ ಮಾರಿ ಬಂದದ್ದಷ್ಟೆ. ಎಂತ ವಿಷ್ಯ?"

"ಹಾಂಗಾರೆ ಮೊದ್ಲ್ ಉಂಬುಕ್ ಹೇಳಿ. ಉಂಡಾದ್ ಮೇಲೆ ನಿಮ್ಮನಿಗ್ ಕರ್ಕಂಬನ್ನಿ. ಯಾರಾರೂ ಗಟ್ಟಿ ಮನ್ಸಿನವ್ರ್ ಒಟ್ಟಿಗಿರ್ಲಿ. ನಾ ಅರ್ಧ ಗಂಟೆ ಬಿಟ್ಟ್ ಮಾಡ್ತೆ."

"ಆಯ್ತಮ್ಮ" ಎಂದು ಅವರು ಮೆಲ್ಲಗೆ ಫೋನಿಟ್ಟರು. ಹಸಿದ ಹೊಟ್ಟೆಗೆ ಆಪರೇಷನ್ ಸುದ್ದಿ ಹೇಳದೆ ಉಳಿಸಿದೆನಲ್ಲ ಎಂದು ನನಗೆ ನನ್ನ ಬಗ್ಗೆಯೇ ಮೆಚ್ಚುಗೆ. ಅಷ್ಟರಲ್ಲಿ ತುರ್ತು ವಿಭಾಗದಿಂದ ಕರೆ ಬಂತು, ಕೊಂಕಣಿ ಮಾತ್ರ ಬರುವ ಅಜ್ಜಿಯೊಬ್ಬರಿದ್ದಾರೆ, ಬನ್ನಿ ಎಂದು. ಹೋದೆ. ಆ ಅಜ್ಜಿಯ ಕತೆ ಕೇಳುತ್ತ ಕೂತವಳಿಗೆ ಅರ್ಧ ಗಂಟೆ ಹೋಗಿ ಎರಡು ಗಂಟೆಯಾದದ್ದೇ ತಿಳಿಯಲಿಲ್ಲ.

ಓಡಿ ಬಂದು ಫೋನು ಮಾಡಿದರೆ ಹಿಂದಿನಿಂದ ಹೆಂಗಸರು ಬೊಬ್ಬೆ ಹೊಡೆದು ಅಳುವ ಸದ್ದು. ಅದೇ ಹಿರಿಯರು ಗಂಟಲು ಸರಿಮಾಡಿಕೊಂಡು ಕೇಳಿದರು: "ಬಾಡಿ ಯಾವತ್ತ್ ಕಳ್ಸ್ತ್ರಿ ಅಮ್ಮ?"

ಅಯ್ಯೋ ದೇವರೇ, ನಾನು ಮಾಡಿದ್ದೇನು? ನಮ್ಮ ಕಡೆ ಸಾವಿನ ಸುದ್ದಿ ಬಂದರೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮತ್ತೆ ಯಾವಾಗ ಅನ್ನವೋ ಯಾರಿಗೆ ಗೊತ್ತು? ಅದಕ್ಕೇ ಸುದ್ದಿ ತಂದವರು ಬಾಯಿ ಬಿಡುವ ಮೊದಲು ಊಟ ಆಯಿತಾ ಎಂದು ಕೇಳುತ್ತಾರೆ, ಆಗದಿದ್ದರೆ ಉಣ್ಣಿಸಿ ಆಮೇಲೆ ಹೇಳುತ್ತಾರೆ. ನೆರೆಮನೆಯವರ ಮಗ ಬೊಂಬಾಯಿಯಲ್ಲಿ ತೀರಿಹೋದಾಗ ಅಬ್ಬೆ ಅವನ ತಾಯಿಗೆ ಬಡಿಸಿ, ಪಕ್ಕದಲ್ಲೇ ಕೂತು, ತಟ್ಟೆ ಖಾಲಿಯಾಗುವ ತನಕ ಹವೆಯ ಬಗ್ಗೆ ಮಾತಾಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಅದನ್ನೇ ಕಲಿತಿದ್ದೆ. ಬದುಕಿರುವ ಮನುಷ್ಯನ ಸುದ್ದಿಯನ್ನು ಸತ್ತವನ ಸುದ್ದಿಯ ಕ್ರಮದಲ್ಲಿ ಹೇಳಹೊರಟಿದ್ದೆ.

"ಇದ್ರ್ ಮಾರಾಯ್ರೆ! ಸಾಯ್ಲಿಲ್ಲೆ, ಜೀವ ಇತ್ತ್!" ಎಂದು ಅರಚಿದೆ. ವಾರ್ಡೆಲ್ಲ ನನ್ನ ಕಡೆ ತಿರುಗಿತು.

"ಸಮಾಧಾನಕ್ ಹೇಳುದ್ ಬ್ಯಾಡ ಅಮ್ಮ. ನಮ್ಗ್ ಅರ್ಥ ಆತ್ತ್," ಎಂದರು ಹಿರಿಯರು. ನಾನು ಆಣೆ ಇಟ್ಟರೂ ಅವರು ನಂಬಲೊಲ್ಲರು.

ಇನ್ನು ದಾರಿ ಒಂದೇ. ನರ್ಸಿನ ಕೈಕಾಲು ಹಿಡಿದು, ಹನ್ನೊಂದನೇ ಮಂಚದವರನ್ನು ಗಾಲಿಕುರ್ಚಿಯಲ್ಲಿ ಫೋನಿನ ಹತ್ತಿರ ತಂದೆ. ತಪ್ಪೊಪ್ಪಿಕೊಳ್ಳುವಾಗ ನನ್ನ ನಾಲಿಗೆ ತೊದಲುತ್ತಿತ್ತು. ಎದೆ ದುರ್ಬಲವಾದ ಮನುಷ್ಯ, ಇದನ್ನು ಕೇಳಿ ಇಲ್ಲೇ ಏನಾದರೂ ಆದರೆ?

ಅವರು ನನ್ನನ್ನೇ ನೋಡಿದರು. "ಉಂಬುಕ್ ಹೇಳ್ದ್ರ್ಯಾ?"

"ಹ್ಞೂಂ."

"ಅಯ್ಯಬ್ಬ! ಹಾಂಗಾರೆ ಊರಗೆ ನಾ ಸತ್ತೆ." ಮುಖದಲ್ಲಿ ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ಹೆಂಡತಿಯನ್ನು ಫೋನಿಗೆ ಕರೆದರು. ನಾನು ಅವರ ಕಿವಿಯ ಪಕ್ಕಕ್ಕೇ ಕಿವಿ ಇಟ್ಟಿದ್ದೆ. ಹುಟ್ಟುಗುಣ, ಏನು ಮಾಡಲಿ? "ನಾನೇ ಮಾತಾಡುದ್" ಎಂದರು ಇವರು. ಆ ಕಡೆ ಉಸಿರಾಟ ಮಾತ್ರ. ಇನ್ನೊಮ್ಮೆ ಹೇಳಿದರು. ಆಮೇಲೆ ಇವರು ದಿನಾ ಮನೆಗೆ ಬಂದು ಕೇಳುವವರ ಹಾಗೆ ಕೇಳಿದರು: "ಉಂಡ್ಯನೇ?"

ಆ ಹೆಂಗಸು ಅತ್ತ ಅಳುವನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಅನ್ನ ತಟ್ಟೆಯಲ್ಲೇ ಆರಿಹೋಗಿತ್ತಂತೆ. ಉಣ್ಣಲು ಹೇಳಿದಾಗಲೇ ಅವಳಿಗೆ ಎಲ್ಲ ತಿಳಿದುಬಿಟ್ಟಿತ್ತು, ಒಂದು ತುತ್ತೂ ಇಳಿದಿರಲಿಲ್ಲ. ಇವರು ಆಪರೇಷನ್ ವಿಷಯ ಹೇಳಿದರು. ಅವಳು ಬಿಕ್ಕುತ್ತ "ಹೂಂ, ಮಾಡ್ಸ್ಕಣಿ" ಎಂದಳು.

"ಹಾಂಗಲ್ಲ. ನೀ ಮೊದ್ಲ್ ಉಣ್. ನಾ ಇಲ್ಲೇ ಕೇಂತೆ. ನೀ ಉಂಡ್ರೆ ನಾ ಸೈನ್ ಹಾಕ್ತೆ."

ಆ ಕಡೆ ಫೋನಿನ ಮನೆಯವರೇ ಅವಳಿಗೆ ಗಂಜಿ, ಉಪ್ಪಿನಕಾಯಿ ತಂದುಕೊಟ್ಟರು. ಇವರು ರಿಸೀವರನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿ ಕೂತರು. ಏನು ಹೇಳುತ್ತಿದ್ದಾರೆ ಎಂದು ನರ್ಸು ನನ್ನನ್ನು ಕೇಳಿದಳು. ಏನೂ ಹೇಳುತ್ತಿಲ್ಲ, ಆ ಕಡೆ ಹೆಂಡತಿ ಊಟ ಮಾಡುತ್ತಿದ್ದಾರೆ ಎಂದೆ. ಅವಳಿಗೆ ಏನು ಅರ್ಥವಾಯಿತೋ, ಸುಮ್ಮನೆ ಪೆನ್ನು ತಂದಿಟ್ಟಳು. ಸುರುಸುರು ಗಂಜಿ ಕುಡಿಯುವ ಸದ್ದು ನಿಂತ ಮೇಲೆ ಅವರು ಸೈನ್ ಹಾಕಿದರು.

ಆಪರೇಷನ್ ಸುಸೂತ್ರವಾಗಿ ಆಯಿತು. ತಿಂಗಳೊಳಗೆ ಅವರು ಊರಿಗೆ ಹೋದರು, ಮತ್ತೆ ಸುದ್ದಿಯಿಲ್ಲ. ಹೇಗಿದ್ದಾರೆ ಎಂಬ ಕುತೂಹಲ ನನ್ನನ್ನು ಬಿಡಬೇಕಲ್ಲ? ಮರುವರ್ಷ ರಜೆಯಲ್ಲಿ ಬಂದವಳು ಕುಂದಾಪುರದಲ್ಲಿ ಗಂಗೊಳ್ಳಿ ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ಅವರ ಮನೆ ಹುಡುಕಿದೆ. ಅಂಗಳದಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸಿಗೆ ನಾನು ಯಾರೆಂದು ಹೇಳಿದೆ. ಅವಳು ಕೈ ತೊಳೆದು ಬಂದು ನನ್ನನ್ನು ಒಳಗೆ ಕರೆದು ಮಣೆ ಹಾಕಿದಳು.

"ಅವ್ರ್ ಎಲ್ಲಿ?" ಎಂದೆ.

"ಮೊದ್ಲ್ ಉಣ್ಣಿ. ಮತ್ತ್ ಮಾತಾಡುವ."

ಅವಳ ಹಣೆ, ಕೊರಳು ನೋಡಲು ಧೈರ್ಯವಾಗಲಿಲ್ಲ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದಳು. ಎದುರಿಗೇ ಕೂತು, ಮಳೆ ಈ ವರ್ಷ ಬೇಗ ಬರುವ ಹಾಗಿದೆ ಎಂದಳು. ಜೀವಮಾನವಿಡೀ ಎಲ್ಲರನ್ನೂ ಎಲ್ಲವನ್ನೂ ಕೇಳಿದವಳು ನಾನು, ಇನ್ನೊಂದು ಪ್ರಶ್ನೆ ಕೇಳಲಾರದೆ ತಟ್ಟೆ ನೋಡುತ್ತ ಕೂತೆ. ಕಣ್ಣು ತುಂಬಿ ಅನ್ನ ಕಾಣದಾಯಿತು.

ಅಂಗಳದಲ್ಲಿ ಸೈಕಲ್ಲು ನಿಂತ ಸದ್ದು. "ಹ್ವಾಯ್, ಯಾರ್ ಬಂದದ್?" ಎನ್ನುತ್ತ ಅವರೇ ಬಾಗಿಲಲ್ಲಿ ನಿಂತರು. ಸ್ವಲ್ಪ ದಪ್ಪಗಾಗಿದ್ದರು.

ನಾನು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.

"ನಿಮ್ಗ್ ಹತ್ತ್ ನಿಮಿಷ ಆಯ್ಲಿಲ್ಲೆ," ಎಂದಳು. "ನಂಗೆ ಆವತ್ತ್ ಎರ್ಡ್ ಗಂಟೆ."

ನಾನು ಜೋರಾಗಿ ಅತ್ತುಬಿಟ್ಟೆ. ಅವಳು ಸೆರಗಿನಲ್ಲಿ ನನ್ನ ಮುಖ ಒರೆಸಿ, ಆರಿದ ಅನ್ನದ ಮೇಲೆ ಬಿಸಿ ಸಾರು ಹಾಕಿ, "ಈಗ ಉಣ್ಣಿ" ಎಂದಳು.