ಕಲ್ಲು ನೆನೆಸಿದ ನೀರು

ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಇದು ಹೊಸ ಸುದ್ದಿಯೇನಲ್ಲ, ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರಬೇಕಾದ ಮಾತು. ಚೀಲದ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚೂ ಆಗಿರುತ್ತದೆ. ಚೀಲ ಹೊರುವವಳಿಗೆ ಆ ಅಕ್ಷರ ತಾಗುವುದು ಬೆನ್ನಿಗೆ, ಕಣ್ಣಿಗಲ್ಲ.

ಕಲ್ಲಕ್ಕನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವರು ಅವಳ ಸುತ್ತಲೇ ಓಡಾಡಿಕೊಂಡಿದ್ದರು.

ಅವಳಿಗೆ ಆ ಹೆಸರು ಅಂಟಿದ್ದು ಕೆಲಸದಿಂದ. ಉಪ್ಪುನೀರಿನ ಅಕ್ವೇರಿಯಂ ಮಾರುವ ಅಂಗಡಿಯೊಂದರ ಹಿತ್ತಲಲ್ಲಿ ಅವಳು ಕಲ್ಲು ಮಾಡುತ್ತಿದ್ದಳು. ಕಲ್ಲು ಒಡೆಯುವವರುಂಟು, ಕೆತ್ತುವವರುಂಟು. ಮಾಡುವುದೆಂದರೇನು ಎಂದು ನೀವು ಕೇಳಬಹುದು. ಸಮುದ್ರದ ಮೀನನ್ನು ಬರಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಅದು ನೆಮ್ಮದಿಯಾಗಿ ಬದುಕುವುದಿಲ್ಲ. ಅಡಗಿಕೊಳ್ಳಲು ಗವಿ ಬೇಕು. ನೀರನ್ನು ಚೊಕ್ಕಟವಾಗಿಡುವ ಸೂಕ್ಷ್ಮಜೀವಿಗಳು ಬೀಡುಬಿಡಲು ತೂತುತೂತಾದ ಬಂಡೆ ಬೇಕು. ಹಿಂದೆ ಕಡಲಿನ ಹವಳದ ದಿಬ್ಬಗಳನ್ನೇ ಒಡೆದು ತರುತ್ತಿದ್ದರು. ಈ ಅಂಗಡಿಯಲ್ಲಿ ಬಿಳಿ ಸಿಮೆಂಟಿಗೆ ಚಿಪ್ಪಿನ ಪುಡಿ, ಕಲ್ಲುಪ್ಪು ಬೆರೆಸಿ, ಒದ್ದೆ ಮರಳಿನ ಗುಂಡಿಗೆ ಅದುಮಿ, ಬಂಡೆಯನ್ನು ಹಿತ್ತಲಲ್ಲೇ ಹುಟ್ಟಿಸುತ್ತಿದ್ದರು. ಗಟ್ಟಿಯಾದ ಮೇಲೆ ತೊಟ್ಟಿಯ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಬೇಕು. ಉಪ್ಪು ಕರಗಿದ ಜಾಗದಲ್ಲಿ ತೂತು ಉಳಿಯುತ್ತದೆ. ಸಿಮೆಂಟಿನೊಳಗಿನ ಸುಣ್ಣದ ಉರಿಯೂ ನೀರಿಗೆ ಇಳಿಯುತ್ತದೆ. ಆ ನೀರು ಚೆಲ್ಲಿ, ಹೊಸದು ತುಂಬಿ, ಅದನ್ನೂ ಚೆಲ್ಲಿ, ಉರಿಯೆಲ್ಲ ತೀರಿದ ಮೇಲೆಯೇ ಕಲ್ಲು ಮೀನಿಗೆ ಯೋಗ್ಯ.

ಅಂಗಡಿಯ ಮುಂದೆ ಬೋರ್ಡು: 'ಸಮುದ್ರಕ್ಕೆ ನೋವು ಮಾಡದ ಕಲ್ಲು'. ಒಳ್ಳೆಯ ಮಾತು. ಸಮುದ್ರದ ನೋವನ್ನು ಕೇಳುವ ಜನ ಇದ್ದಾರೆಂದರೆ ಸಂತೋಷವೇ.

ಕಲ್ಲಕ್ಕ ಗಾರೆ ಕೆಲಸದಿಂದ ಬಂದವಳು. ಕಮಾನು, ಗವಿ, ಜಗಲಿಯಂತೆ ಚಾಚಿದ ಬಂಡೆ, ಏನು ಹೇಳಿದರೂ ಅವಳ ಬೆರಳು ಮಾಡುತ್ತಿತ್ತು. "ಮೀನಿಗೆ ಮನೆ ಕಟ್ತೀನಿ, ಬಾಡಿಗೆ ಮಾತ್ರ ಕೇಳೋ ಹಾಗಿಲ್ಲ" ಎನ್ನುತ್ತಿದ್ದಳು. ಕೈಗವಸು ಹಾಕಿದರೆ ಕಲ್ಲು ನುಣುಪಾಗುತ್ತದೆ, ಗಿರಾಕಿಗೆ ಬೇಕಾದ ಒರಟು ಬರುವುದಿಲ್ಲ ಎಂದು ಯಜಮಾನ ಬರಿಗೈಯಲ್ಲೇ ಮಾಡಿಸುತ್ತಿದ್ದ. ಬೆರಳ ಸಂದು ಬಿರಿಯುತ್ತಿದೆ ಎಂದು ಅವಳೊಮ್ಮೆ ತೋರಿಸಿದಾಗ ನಕ್ಕಿದ್ದ.

"ಕೈ ಕೆಸರಾದ್ರೆ ಬಾಯಿ ಮೊಸರು, ಅಲ್ವಾ ಕಲ್ಲಕ್ಕ?"

ಈ ಗಾದೆ ಹೇಳುವವರ ಕೈಯನ್ನು ಒಮ್ಮೆ ನೋಡಿ. ಸಾಮಾನ್ಯವಾಗಿ ಒಣಗಿರುತ್ತದೆ.

ಕೆಲಸ ಹೆಚ್ಚಿದಾಗ ಕಲ್ಲಕ್ಕ ತನ್ನ ನಾದಿನಿಯನ್ನು ಕರೆತಂದಳು. ನಾದಿನಿ ಇಸ್ತ್ರಿ ಅಂಗಡಿಯ ಬಟ್ಟೆಗಂಟನ್ನು ಮನೆಮನೆಗೆ ಮುಟ್ಟಿಸುತ್ತಿದ್ದವಳು. ಅವಳ ನಡಿಗೆ ಕಂಡು ಅಣ್ಣ ಚಿಕ್ಕಂದಿನಿಂದ 'ಗಾಲಿ' ಎಂದೇ ಕರೆಯುತ್ತಿದ್ದ. ಪಾದಕ್ಕೆ ಚಕ್ರ ಕಟ್ಟಿಕೊಂಡು ಹುಟ್ಟಿದವಳಂತೆ, ಈ ಬೀದಿಯಲ್ಲಿ ಕಂಡವಳು ಕಣ್ಣು ಮಿಟುಕಿಸುವಷ್ಟರಲ್ಲಿ ಆಚೆ ಬೀದಿಯಲ್ಲಿರುತ್ತಿದ್ದಳು. ಇಸ್ತ್ರಿ ಅಂಗಡಿಯವನು ಕಾಯಿಲೆ ಬಿದ್ದು ಬಾಗಿಲು ಹಾಕಿದ್ದ. ಅವನು ಎದ್ದು ಕೂತರೆ ತಿರುಗಿ ಹೋಗುವುದೆಂದು ಅವಳ ಲೆಕ್ಕ. ಅವಳ ಅನ್ನ ಅವಳ ಕಾಲಿನಲ್ಲಿತ್ತು.

ಮೊದಲ ದಿನ ಸಂಜೆ ಗಾಲಿ ಕೈಕಾಲು ತೊಳೆಯಲು ನಲ್ಲಿ ಹುಡುಕಿದಳು.

"ನಲ್ಲಿ ಮುಂದ್ಗಡೆ, ಶೋರೂಮ್ ಪಕ್ಕ ಇರೋದು. ಈ ಕೆಸರುಗಾಲಲ್ಲಿ ಅಲ್ಲಿಗೆ ಹೋಗೋ ಹಾಗಿಲ್ಲ" ಎಂದಳು ಕಲ್ಲಕ್ಕ. "ತೊಟ್ಟಿ ಇದ್ಯಲ್ಲ, ಅದರಲ್ಲೇ ತೊಳ್ಕೋ."

"ಕಲ್ಲು ನೆನೆಸಿರೋ ನೀರಲ್ಲಾ?"

"ಒಳ್ಳೆ ನೀರು ಕಣೇ. ಮುಟ್ಟಿ ನೋಡು, ಸೋಪೇ ಬೇಡ."

ಗಾಲಿ ಕೈ ಅದ್ದಿದಳು. ಬೆರಳಿಗೆ ಬೆರಳು ನುಣ್ಣಗೆ ಜಾರಿತು.

"ಮನೇಲಿ ಸೋಪ್ ಕರಗಿದ್ರೆ ಕಣ್ಣು ಕೆಂಪು ಮಾಡ್ತೀಯ. ಇಲ್ಲಿ ಇಷ್ಟು ಧಾರಾಳನಾ ಅತ್ತಿಗೆ?"

"ಜಾಸ್ತಿ ಮಾತಾಡಿದ್ರೆ ನಿನ್ನ ನಾಲಿಗೇನೂ ಅದರಲ್ಲೇ ತೊಳೀತೀನಿ."

ಅತ್ತಿಗೆ ನಾದಿನಿ ಇಬ್ಬರೂ ನಗುತ್ತ ಕಾಲು ತೊಳೆದುಕೊಂಡರು. ಆಮೇಲೆ ಅದೇ ರೂಢಿಯಾಯಿತು. ತೊಟ್ಟಿಯಲ್ಲಿ ಕಲ್ಲು ಮಗುಚುವ ಕೆಲಸ ಗಾಲಿಯದು. ಬಟ್ಟೆ ಮೊಳಕಾಲಿಗೆ ಎತ್ತಿಕಟ್ಟಿ ಇಳಿದರೆ ಮೀನಖಂಡ ಮುಳುಗುವಷ್ಟು ನೀರು. ಕೆಲಸ ಮುಗಿದ ಮೇಲೂ ತೊಟ್ಟಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟುಕೊಂಡು, "ಬಿಸಿಲಲ್ಲಿ ಬೆಂದ ಕಾಲಿಗೆ ಹಾಯಾಗಿದೆ" ಎನ್ನುತ್ತಿದ್ದಳು.

ಬೆಂಕಿಗೆ ಒಂದು ಮರ್ಯಾದೆಯಿದೆ, ಸುಟ್ಟ ಕೂಡಲೇ ಹೇಳುತ್ತದೆ. ಈ ನೀರು ಹಾಗಲ್ಲ. ಮೊದಲು ಹಿಮ್ಮಡಿಯ ಬಿರುಕು ಅಗಲವಾಯಿತು. ಕಣಕಾಲು ಕೆಂಪಾಯಿತು. ಮನೆಯಲ್ಲಿ ಎಣ್ಣೆ ಸವರಿದರು. ಕೆಂಪಾದದ್ದು ಬೂದು ಬಣ್ಣಕ್ಕೆ ತಿರುಗಿತು. ಒಂದು ಬೆಳಗ್ಗೆ ಗಾಲಿ ಹಾಸಿಗೆಯಿಂದ ಎದ್ದು ನಿಂತವಳು ಗೋಡೆ ಹಿಡಿದು ಕೂತುಬಿಟ್ಟಳು. ಬಲಗಾಲಿನ ಗಾಯದ ಮೇಲಿನ ಪದರ ಕಿತ್ತು ಹಾಸಿಗೆಗೆ ಅಂಟಿಕೊಂಡಿತ್ತು.

ಆಸ್ಪತ್ರೆಯಲ್ಲಿ ಗಾಯ ತೊಳೆಯುತ್ತಿದ್ದ ನರ್ಸಮ್ಮ ಹುಬ್ಬು ಗಂಟಿಕ್ಕಿದಳು. "ಏನು ಹಾಕಿದ್ರಿ ಇದಕ್ಕೆ? ಆ್ಯಸಿಡ್ಡಾ?"

"ಏನೂ ಹಾಕಿಲ್ಲಮ್ಮ. ನೀರಲ್ಲಿ ನಿಲ್ತಾಳೆ ಅಷ್ಟೇ" ಎಂದಳು ಕಲ್ಲಕ್ಕ.

"ಯಾವ ನೀರು?"

"ಸಿಮೆಂಟ್ ಕಲ್ಲು ನೆನೆಸಿದ್ದು. ಒಳ್ಳೆ ನೀರೇ. ಸೋಪಿನ ಥರ ಜಾರತ್ತೆ."

ನರ್ಸಮ್ಮ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು. "ಜಾರ್ತಿದ್ದದ್ದು ನೀರಲ್ಲ ಕಣಮ್ಮ, ನಿಮ್ಮ ಚರ್ಮ. ಅದರ ಜಿಡ್ಡು ಕರಗಿ ಸೋಪಾಗ್ತಿತ್ತು. ಯಾರೂ ಹೇಳಲಿಲ್ವಾ?"

ಕಲ್ಲಕ್ಕನ ಕಿವಿಯಲ್ಲಿ ಅವಳದೇ ದನಿ ಮೊಳಗಿತು: ಒಳ್ಳೆ ನೀರು ಕಣೇ. ಪಕ್ಕದಲ್ಲಿ ಮಲಗಿದ್ದ ಗಾಲಿ ಅತ್ತಿಗೆಯ ಮುಖ ನೋಡಿ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಮನೆಗೆ ಬಂದ ಮೇಲೆ ಗಂಡ ಅಂದ: "ನನ್ನ ತಂಗೀನ ಕರ್ಕೊಂಡು ಹೋಗಿದ್ದು ನೀನೇ ತಾನೇ?" ತೊಡೆಯ ಚರ್ಮ ತೆಗೆದು ಕಾಲಿಗೆ ಹಚ್ಚಬೇಕು, ಹತ್ತಿಕೊಂಡರೆ ನಡೆಯಬಹುದು, ಮೊದಲಿನಂತೆಯೇ ನಡೆಯುತ್ತಾಳೆಂದು ಹೇಳಲಾಗದು ಎಂದಿದ್ದರು ಡಾಕ್ಟರು.

ಮಾರನೆಯ ದಿನ ಅವಳು ಹಿತ್ತಲಿಗೆ ಹೋದಾಗ ತೊಟ್ಟಿಯ ಹತ್ತಿರ ಪಟ್ಟಿ ಸಾರ್ ನಿಂತಿದ್ದ. ಅಂಗಡಿಯಲ್ಲಿ ನೀರು ಪರೀಕ್ಷೆ ಮಾಡುವವನು ಅವನು. ಬಣ್ಣ ಬದಲಿಸುವ ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿ, ಕಲ್ಲು ಮೀನಿಗೆ ಹದವಾಯಿತೇ ಇಲ್ಲವೇ ಎಂದು ಹೇಳುವುದೇ ಅವನ ಕೆಲಸ. ತಣ್ಣೀರನ್ನೂ ಆರಿಸಿ ಕುಡಿಯುವ ಸ್ವಭಾವ. ಎಷ್ಟೋ ಸಲ ಗಾಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಾಗಲೇ ಪಕ್ಕದಲ್ಲಿ ಬಗ್ಗಿ ಪಟ್ಟಿ ಅದ್ದಿದ್ದ. ಕಲ್ಲಕ್ಕನ ಕಣ್ಣು ಅವನ ಕೈಗೆ ಹೋದದ್ದು ಅವತ್ತೇ ಮೊದಲು. ಅವನು ಕೈಗವಸು ಹಾಕಿದ್ದ. ಪಟ್ಟಿಯನ್ನು ಚಿಮಟದಲ್ಲಿ ಹಿಡಿದಿದ್ದ.

ಪಟ್ಟಿ ಕಡುನೀಲಿಗೆ ತಿರುಗಿತು.

"ಇನ್ನೂ ಆಗಿಲ್ಲ" ಎಂದ ಅವನು.

"ಈಗ ಒಂದು ಮೀನು ಬಿಟ್ರೆ ಏನಾಗತ್ತೆ ಸಾರ್?"

"ಸತ್ತೇ ಹೋಗತ್ತೆ."

"ಎಷ್ಟು ಹೊತ್ತಿಗೆ?"

"ಹೊತ್ತೇನು ಬಂತು, ನೋಡ್ತಾ ನೋಡ್ತಾ ಹೋಗತ್ತೆ."

"ಮತ್ತೆ ನಮ್ಮ ಹುಡುಗಿ ಇದರಲ್ಲೇ ಕಾಲು ಇಟ್ಕೊಂಡು ಕೂತಿರ್ತಿದ್ಲಲ್ಲ. ನೀವು ನೋಡಿಲ್ವಾ?"

"ನೋಡಿದೀನಿ. ಆದ್ರೆ ಮನುಷ್ಯರ ಕಾಲು ಏನು ಮೀನಾ ಅಕ್ಕ?" ಎಂದವನು ಅವಳ ಮುಖ ಕಂಡು ದನಿ ತಗ್ಗಿಸಿದ. "ನನ್ನನ್ನ ಯಾರೂ ಕೇಳಲಿಲ್ಲ."

"ಕೇಳೋಕೆ ನಮಗೆ ಗೊತ್ತಿರಬೇಕಲ್ಲ ಸಾರ್. ಗೊತ್ತಿದ್ದದ್ದು ನಿಮಗೆ."

ಕೇಳಲಿಲ್ಲ, ಹೇಳಲಿಲ್ಲ. ಎಷ್ಟು ಅನುಕೂಲದ ಮಾತು ನೋಡಿ. ಮೈಗೆ ಕೊಳೆಯಿಲ್ಲ, ಮನಸ್ಸಿಗೆ ಭಾರವಿಲ್ಲ. ಬಾವಿಗೆ ಬೀಳುತ್ತಿರುವ ಕುರುಡನನ್ನು ನೋಡುತ್ತ ನಿಂತು, 'ಅವನು ದಾರಿ ಕೇಳಲಿಲ್ಲ' ಎಂದಂತೆ. ಇಂಥವರನ್ನು ನಾವು ಸಂಭಾವಿತರು ಎನ್ನುತ್ತೇವೆ. ಮಗಳನ್ನು ಕೊಡುವಾಗ ಹುಡುಕುವುದೂ ಇಂಥವರನ್ನೇ.

ಕಲ್ಲಕ್ಕ ಬಕೆಟ್ ತೆಗೆದುಕೊಂಡು ತೊಟ್ಟಿಯಿಂದ ನೀರು ಮೊಗೆದಳು. ಕೆಸರುಗಾಲಿನಲ್ಲೇ ಅಂಗಡಿಯ ನಡುಕೋಣೆ ದಾಟಿ ಶೋರೂಮಿಗೆ ನಡೆದಳು. ಬಿಳಿ ನೆಲದ ಮೇಲೆ ಹೆಜ್ಜೆ ಮೂಡಿತು. ಯಜಮಾನ ಕನ್ನಡಕದ ಗಿರಾಕಿಯೊಬ್ಬನಿಗೆ ದೊಡ್ಡ ಕಮಾನುಗಲ್ಲೊಂದರ ಗುಣಗಾನ ಮಾಡುತ್ತಿದ್ದ. ಅವಳು ಬಕೆಟ್ಟನ್ನು ಅವನ ಮುಂದಿಟ್ಟಳು.

"ಕೈ ತೊಳ್ಕೊಳ್ಳಿ ಯಜಮಾನ್ರೇ."

"ಏನಿದು? ಒಳಗೆ ಹೋಗು, ಆಮೇಲೆ ಮಾತಾಡೋಣ."

"ಮಾತೇನೂ ಬೇಡ. ಕೈ ಅದ್ದಿ. ನಾವು ದಿನಾ ತೊಳ್ಕೊಳ್ಳೋ ನೀರು. ನನ್ನ ನಾದಿನಿ ಕಾಲು ತಿಂದ ನೀರು."

ಯಜಮಾನನ ಕೈ ಜೇಬಿಗೆ ಹೋಯಿತು. ಇಷ್ಟಗಲ ಅಂಗಡಿಯಲ್ಲಿ ಆ ಕೈಗೆ ಸಿಕ್ಕ ಜಾಗ ಅದೊಂದೇ. "ಅವಳನ್ನ ತೊಟ್ಟೀಲಿ ಕಾಲಿಟ್ಕೊಂಡು ಕೂರು ಅಂತ ನಾನು ಹೇಳಿದ್ನಾ?" ಎಂದ.

"ಕಲ್ಲು ಮಗುಚು ಅಂದ್ರಿ. ದಡದಲ್ಲಿ ನಿಂತು ಮಂತ್ರ ಹಾಕಿ ಮಗುಚಬೇಕಿತ್ತಾ? ಮುಂದಿನ ನಲ್ಲಿ ಮುಟ್ಟಬೇಡಿ ಅಂದೋರೂ ನೀವೇ. ನಮಗೊಂದು ನಲ್ಲಿ ಹಾಕ್ಸಿಕೊಡಿ. ಅಲ್ಲೀವರೆಗೂ ನಾನು ಗಾರೆ ಕಲಸಲ್ಲ."

ಕನ್ನಡಕದ ಗಿರಾಕಿ ಬಕೆಟ್ಟನ್ನೂ ಅವಳ ಬಿರಿದ ಬೆರಳುಗಳನ್ನೂ ನೋಡಿದ. ಅವನ ಮುಖ ಸಪ್ಪಗಾಯಿತು. ಪಾಪ, ಮರುಕವಿತ್ತು. ಯಜಮಾನನ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ನನಗೆ ಕೊಡೋ ಕಲ್ಲು ಇದೇ ನೀರಿಂದಾನಾ? ಮೀನಿಗೇನೂ ತೊಂದರೆ ಆಗಲ್ಲ ತಾನೇ?"

"ಛೆ ಛೆ, ಪೂರ್ತಿ ಟೆಸ್ಟ್ ಮಾಡೇ ಕೊಡೋದು" ಎಂದ ಯಜಮಾನ.

ಆ ಗಿರಾಕಿ ಕೆಟ್ಟವನಲ್ಲ. ಮೀನಿಗೆ ಜ್ವರ ಬಂದರೆ ನಿದ್ದೆಗೆಡುವ ಜಾತಿ. ಅದಕ್ಕೇ ನನಗೆ ಇಷ್ಟು ಸಿಟ್ಟು. ಮರುಕವೇ ಇಲ್ಲದವನನ್ನು ಬೈದು ಸುಮ್ಮನಾಗಬಹುದು. ಇದ್ದ ಮರುಕವನ್ನೆಲ್ಲ ಗಾಜಿನ ಒಳಗೆ ಸುರಿದು, ಗಾಜಿನ ಹೊರಗೆ ನಿಂತವಳಿಗೆ ಒಂದು ಹನಿಯನ್ನೂ ಉಳಿಸದವನಿಗೆ ಏನು ಹೇಳುವುದು?

ವಾರದೊಳಗೆ ಯಜಮಾನ ಕ್ರಮ ಕೈಗೊಂಡ. ತೊಟ್ಟಿಯ ಮೇಲೆ ಬೋರ್ಡು ಬಂತು: 'ಈ ನೀರಿನಲ್ಲಿ ಕೈಕಾಲು ತೊಳೆಯಬಾರದು.' ಬೋರ್ಡು ಬಂತು, ನಲ್ಲಿ ಬರಲಿಲ್ಲ. ಬೇರೆಲ್ಲಿ ತೊಳೆಯಬೇಕೆಂದು ಬರೆಯಲು ಜಾಗ ಸಾಲದಾಯಿತೋ ಏನೋ. ಕಲ್ಲಕ್ಕ ಹೇಳಿದಂತೆ ಗಾರೆ ಕಲಸಲಿಲ್ಲ. ಕಲಸಲು ಬೇರೆ ಇಬ್ಬರು ಹೆಂಗಸರು ಬಂದರು. ಒಬ್ಬಳಿಗೆ ಓದು ಬರುತ್ತಿರಲಿಲ್ಲ. ಓದು ಬರುವವಳು ಬೋರ್ಡು ಓದಿ, ಕೈಗೆ ಮೆತ್ತಿದ ಸಿಮೆಂಟು ನೋಡಿಕೊಂಡು, ಮತ್ತೇನು ಮಾಡುವುದೆಂದು ತೊಟ್ಟಿಗೇ ಬಗ್ಗಿದಳು.

ಕಲ್ಲಕ್ಕ ಈಗ ಅದೇ ಬೀದಿಯ ತುದಿಯಲ್ಲಿ ಏಳುತ್ತಿರುವ ಮನೆಯೊಂದಕ್ಕೆ ಗಾರೆ ಕೆಲಸಕ್ಕೆ ಹೋಗುತ್ತಾಳೆ. ಗಾಲಿಯ ಕಾಲಿಗೆ ಚರ್ಮ ಹತ್ತಿಕೊಂಡಿತು. ನಡೆಯುತ್ತಾಳೆ, ಪಾದ ಮಾತ್ರ ಪೂರ್ತಿ ಬಾಗುವುದಿಲ್ಲ. ಇಸ್ತ್ರಿ ಅಂಗಡಿ ಮತ್ತೆ ತೆರೆದಾಗ ಬಟ್ಟೆಗಂಟು ಬೇರೆಯವರ ತಲೆಗೆ ಹೋಯಿತು. ಮನೆಯಲ್ಲಿ ಕೂತು ಗುಂಡಿ ಹೊಲಿಯುತ್ತಾಳೆ. "ಅತ್ತಿಗೆ, ನಿನ್ನ ಬಿಟ್ಟಿ ಸೋಪು ಭಾರಿ ದುಬಾರಿ ಆಯ್ತು ನೋಡು" ಎಂದು ಒಂದು ದಿನ ತಾನಾಗಿಯೇ ಅಂದಳು. ಅವತ್ತು ಕಲ್ಲಕ್ಕ ಬಚ್ಚಲಿಗೆ ಹೋಗಿ ಅತ್ತಳು. ಮರುದಿನದಿಂದ ಮನೆಯಿಂದ ಒಂದು ಕ್ಯಾನ್ ತುಂಬ ಸಿಹಿನೀರು ಹೊತ್ತು ತಂದು, ಅಕ್ವೇರಿಯಂ ಅಂಗಡಿಯ ಹಿಂಬಾಗಿಲಲ್ಲಿ ಇಟ್ಟು ಹೋಗತೊಡಗಿದಳು.

"ಲೇ ಪುಣ್ಯಾತ್ಗಿತ್ತಿಯರಾ" ಎಂದು ಕೂಗುತ್ತಾಳೆ, "ನನ್ನ ಕೆಲಸ ಕಿತ್ಕೊಂಡ್ರಿ, ಕಿತ್ಕೊಂಡು ಹಾಳಾಗಿ. ತೊಟ್ಟಿಗೆ ಮಾತ್ರ ಕೈ ಹಾಕಬೇಡಿ. ಇದರಲ್ಲಿ ತೊಳ್ಕೊಳ್ಳಿ."

ಯಜಮಾನ ಕಿಟಕಿಯಿಂದ ನೋಡುತ್ತಾನೆ. ತಡೆಯುವುದಿಲ್ಲ. ಯಾಕೆ ತಡೆಯುತ್ತಾನೆ? ಅವನು ಕೊಡಬೇಕಾದ ನೀರನ್ನು ಅವಳು ತಲೆಯ ಮೇಲೆ ಹೊತ್ತು ತರುತ್ತಿದ್ದಾಳೆ.

ಮತ್ತು ಅವಳು ಈಗ ಗಾರೆ ಕೆಲಸ ಮಾಡುವ ಆ ಮನೆ? ಅಲ್ಲೂ ನಲ್ಲಿ ಗೇಟಿನ ಒಳಗಿದೆ, ಗೇಟಿಗೆ ಬೀಗವಿದೆ. ಗಾರೆಯವರು ಇಟ್ಟಿಗೆ ನೆನೆಸಿದ ಡ್ರಮ್ಮಿನಲ್ಲೇ, ಸಿಮೆಂಟಿನ ಬಾಂಡಲಿ ಅದ್ದಿ ತೆಗೆಯುವ ಅದೇ ನೀರಿನಲ್ಲಿ, ಕೈ ತೊಳೆಯುತ್ತಾರೆ. ಆ ಮನೆ ಕಟ್ಟಿಸುತ್ತಿರುವವರು ನೀವಿರಬಹುದು, ನಿಮ್ಮ ಭಾವನಿರಬಹುದು, ನಿಮ್ಮ ಆಫೀಸಿನ ಪಕ್ಕದ ಕುರ್ಚಿಯವನಿರಬಹುದು. ಮರುಗಬೇಡಿ, ಮರುಗಿ ಸಾಕಾಗಿದೆ. ಎದ್ದು ಹೋಗಿ, ಬೀಗ ತೆಗೆಯಿರಿ. ಪೈಪನ್ನು ಗೇಟಿನಾಚೆ ಗಾರೆ ಕಲಸುವ ಜಾಗದವರೆಗೆ ಎಳೆದು ಇಡಿ. ಮೊದಲು ನಿಮ್ಮ ಕೈಯನ್ನೇ ಅದರ ಕೆಳಗೆ ಹಿಡಿದು, ಬರುತ್ತಿರುವುದು ಒಳ್ಳೆಯ ನೀರೇ ಎಂದು ನೋಡಿ. ಆಮೇಲೆ ಅವರನ್ನು ಕರೆಯಿರಿ. ನಾಳೆಯಲ್ಲ, ಇವತ್ತು.