ರಾರಾವಿಯ ಇಲಿಗಳಿಗೆ ಜಂತಿನ ಔಷಧ

ರಾರಾವಿಯಲ್ಲಿ ಈಚೆಗೆ ಇಲಿಗಳಿಗೆ ಜಂತುಹುಳದ ಔಷಧ ಹಾಕಿದ್ದಾರೆ. ಮನೆಯ ಇಲಿಗಳಿಗಲ್ಲ. ಹೊಳೆದಂಡೆಯ ಮರಳುದಿಬ್ಬದಲ್ಲಿ ಯಾರ ಹಂಗೂ ಇಲ್ಲದೆ ಬದುಕಿರುವ ಇಲಿಗಳಿಗೆ. (ನಗಬೇಡಿ. ನಾನು ಆಗಲೇ ನಕ್ಕು ಮುಗಿಸಿದ್ದೇನೆ.)

ನನ್ನ ತಮ್ಮನ ಮಗಳು ವತ್ಸಲಾ ಬಳ್ಳಾರಿಯಲ್ಲೇ ಜುವಾಲಜಿ ಲೆಕ್ಚರರ್. ಚಳಿಗಾಲ ಬಂತೆಂದರೆ ಸಿರುಗುಪ್ಪದ ಬಸ್ಸು ಹಿಡಿದು ರಾರಾವಿಗೆ ಹೊರಡುತ್ತಾಳೆ. ಬಾಲದ ತುದಿಗೆ ಕುಚ್ಚಿರುವ, ಹಿಂಗಾಲಲ್ಲಿ ನೆಗೆಯುವ ಬಯಲಿನ ಇಲಿಗಳನ್ನು ಬೋನಿಟ್ಟು ಹಿಡಿಯುತ್ತಾಳೆ. ಹಿಕ್ಕೆ ತೆಗೆದುಕೊಂಡು, ಇಲಿಯನ್ನು ಅದರ ಬಿಲದ ಬಾಯಲ್ಲೇ ಬಿಡುತ್ತಾಳೆ. ಆಮೇಲೆ ಹಿಕ್ಕೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಇಲಿಯ ಹೊಟ್ಟೆಯ ಹುಳಗಳು ಎಷ್ಟು ಮೊಟ್ಟೆ ಇಟ್ಟಿವೆ ಎಂದು ನೋಡುತ್ತಾಳೆ.

ಅಷ್ಟೇ. ವರ್ಷಗಳಿಂದ ಅಷ್ಟೇ.

"ಇನ್ನೂ ಮುಗೀಲಿಲ್ಲೇನು?" ಎಂದು ನೆಂಟರು ಕೇಳುತ್ತಾರೆ, ಏನೋ ಸೀರೆಗೆ ಫಾಲ್ ಹಚ್ಚುವ ಕೆಲಸ ಎನ್ನುವ ಹಾಗೆ.

ಮಳೆಯಿಲ್ಲದ ವರ್ಷ ಆ ಮೊಟ್ಟೆಗಳು ಕಾದ ಮರಳಲ್ಲಿ ಹುರಿದುಹೋಗುತ್ತವಂತೆ. ಮತ್ತೆ ಮಳೆ ಬಂದಾಗ? ಹುಳ ಒಮ್ಮೆಲೇ ಏರುತ್ತದೆಯೇ, ಇಲ್ಲ ಮೊದಲು ಇಲಿ ಹೆಚ್ಚಿ, ಹುಳ ಹಿಂದಿನಿಂದ ಸಾವಕಾಶ ಬರುತ್ತದೆಯೇ? ಇದು ಒಂದು ವರ್ಷ ನೋಡಿದರೆ ತಿಳಿಯುವುದಿಲ್ಲ. ಬರದ ವರ್ಷಗಳನ್ನೆಲ್ಲ ವತ್ಸಲಾ ಕಾದಳು. ಈ ಸಲ ಕೊನೆಗೂ ಮಳೆಯಾಯಿತು. ಅವಳ ಪ್ರಿನ್ಸಿಪಾಲರು ಬೇರೆ, "ಇದ ಲಾಸ್ಟ್ ಇಯರ್ ಮೇಡಂ. ರಿಸಲ್ಟ್ ತೋರ್ಸ್ರಿ, ಇಲ್ಲಾ ಲ್ಯಾಬ್ ಖಾಲಿ ಮಾಡ್ರಿ" ಎಂದಿದ್ದರು.

ಇಷ್ಟಾದ ಮೇಲೆ ಕುತೂಹಲ ತಡೆಯದೆ ಈ ಬಾರಿ ನಾನೂ ಜೊತೆಗೆ ಹೋದೆ. ಅವಳು ಅಲ್ಲಿ ಇಳಿದುಕೊಳ್ಳುವುದು ಬಸಮ್ಮನವರ ಮನೆಯಲ್ಲಿ. ದಿಬ್ಬದ ಪಕ್ಕದ ಹೊಲ ಅವರದೇ. ರೊಟ್ಟಿ ಬಡಿಯುತ್ತಲೇ ಅವರು ಸುದ್ದಿ ಹೇಳಿದರು.

"ಯವ್ವಾ, ಈ ಸಲ ನಿನ್ನ ಇಲಿ ಆರಾಮ ಅದಾವ ನೋಡು. ಹುಳದ ಔಷಧ ಹಾಕೀನಿ."

ವತ್ಸಲಾ ತುತ್ತನ್ನು ತಟ್ಟೆಗೆ ಹಾಕಿದಳು. "ಏನ್ ಔಷಧ ಬಸಮ್ಮಾರ?"

"ಮುತ್ತಲದ ಬೀಜ ಕುಟ್ಟಿ, ಬೆಲ್ಲ, ಜ್ವಾಳದ ಹಿಟ್ಟು ಹಾಕಿ ಉಂಡಿ ಕಟ್ಟಿ ಬಿಲದಾಗ ಇಟ್ಟು ಬಂದೆ. ನಮ್ಮ ಹುಡುಗ್ರಿಗೆ ಕೊಡೂದೂ ಅದ. ನೀ ನೋಡಿದ್ರ ವರ್ಷಾ ಬರ್ತಿ, ಹುಳ ಅದಾವ ಅಂತಿ, ಎದ್ದು ಹೋಗ್ತಿ. ಒಂದು ಗುಳಿಗಿ ಕೊಟ್ಟಾಕಿ ಅಲ್ಲ. ಇಂಥಾ ಡಾಕ್ಟರು ಎಲ್ಲೆರ ಇದ್ದಾರೇನು?"

"ಎಲ್ಲಾ ಬಿಲಕ್ಕೂ ಹಾಕೀರೇನು? ಒಂದೆರಡಾರ ಬಿಟ್ಟೀರೇನು?"

"ಹೆಂಗ ಬಿಡ್ಲೆವ್ವಾ. ಪಂಕ್ತಿಭೇದ ಮಾಡಬಾರದಲ್ಲ."

ಪಂಕ್ತಿಭೇದ ಮಾಡಿದ್ದರೆ ಹುಡುಗಿ ಬದುಕಿಕೊಳ್ಳುತ್ತಿದ್ದಳು. ಉಂಡೆ ತಿಂದ ಇಲಿ, ತಿನ್ನದ ಇಲಿ ಎಂದು ಹೋಲಿಸಿ ನೋಡಬಹುದಿತ್ತು. ಈಗ ಹುಳ ಕಡಿಮೆ ಕಂಡರೆ ಅದು ಹಿಂದಿನ ಬರದ ಗುಣವೋ, ಬಸಮ್ಮನ ಉಂಡೆಯ ಗುಣವೋ? ದೇವರೇ ಹೇಳಬೇಕು.

"ಮೊದಲೇ ತಿಳಿಸಿ ಹೇಳಬಾರದಾಗಿತ್ತೇನೇ?" ಎಂದೆ ಹೊರಗೆ ಬಂದು.

"ವರ್ಷಾ ಹೇಳ್ತೀನಿ ಅತ್ತಿ, ಬರೇ ನೋಡಾಕ ಬರ್ತೀನಿ ಅಂತ. ಔಷಧ ಗೊತ್ತಿಲ್ಲದ್ದಕ್ಕ ಹಂಗಂತಾಳ ಅಂತ ತಿಳಕೊಂಡಾರ."

ಬಸಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಕಂಡವರ ಇಲಿಗೆ ತಮ್ಮ ಮನೆಯ ಬೆಲ್ಲ ಹಾಕಿದ ಹೆಂಗಸು. ಸಿಟ್ಟಿರುವುದು ಸೂಟು ಹಾಕಿದ ಪ್ರಿನ್ಸಿಪಾಲರ ಮೇಲೆ. ವತ್ಸಲಾ ಹೋಗಿ ನಡೆದದ್ದು ಹೇಳಿಕೊಂಡರೆ ಆತ ಏನೆಂದರು ಗೊತ್ತೇ? "ವೆರಿ ಗುಡ್. ಹುಳಾನೂ ಹೋದ್ವು, ಪ್ರಾಜೆಕ್ಟೂ ಮುಗೀತು. ಪೇಪರಿಗೆ ಕೊಡೋಣೇನ್ರಿ?" ಮರುವಾರವೇ ಅವಳ ಲ್ಯಾಬಿಗೆ ಟೈಪ್‌ರೈಟಿಂಗ್ ಕ್ಲಾಸು ಬಂತು.

ಈ ಊರಿನ ವಿದ್ಯಾವಂತರೇ ಹೀಗೆ. ಸಸಿ ನೆಟ್ಟು, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಳ್ಳುತ್ತಾರೆ. ಮರುವರ್ಷ ಆ ಸಸಿ ಇದೆಯೋ ಆಡು ತಿಂದಿತೋ, ಯಾರಾದರೂ ಹೋಗಿ ನೋಡಿದ್ದುಂಟೇ? ಕಾನ್ವೆಂಟಿನಲ್ಲಿ ನಮ್ಮ ನೇಚರ್ ಸ್ಟಡಿ ಸಿಸ್ಟರ್ ವರ್ಷವಿಡೀ ಒಂದೇ ಇರುವೆಗೂಡಿನ ಮುಂದೆ ನಮ್ಮನ್ನು ಕೂರಿಸುತ್ತಿದ್ದರು. ಏನು ಮಾಡಬೇಕು ಸಿಸ್ಟರ್ ಎಂದರೆ, "ಜಸ್ಟ್ ಲುಕ್, ಚೈಲ್ಡ್." ಎಷ್ಟು ಬೇಸರವಾಗುತ್ತಿತ್ತು. ಈಗ ಆ ಬೇಸರಕ್ಕಾಗಿಯೇ ಹಂಬಲಿಸುತ್ತೇನೆ.

ವತ್ಸಲಾ ಅಳಲಿಲ್ಲ. ದಿಬ್ಬದ ಆಚೆ ಬದಿಗೆ, ಬಸಮ್ಮ ನಡೆದುಹೋಗಲಾರದಷ್ಟು ದೂರದಲ್ಲಿ, ಹೊಸ ಬಿಲಗಳನ್ನು ಗೊತ್ತುಮಾಡಿದ್ದಾಳೆ. ಮೊದಲಿನಿಂದ ಶುರು. ಡಾಕ್ಟರಾಗಿದ್ದ ನಮ್ಮವರ ಹಳೆಯ ಮೈಕ್ರೋಸ್ಕೋಪು ಈಗ ಬಳ್ಳಾರಿಯ ಗಾಂಧಿನಗರದ ನನ್ನ ಡೈನಿಂಗ್ ಟೇಬಲ್ ಮೇಲಿದೆ, ಪಕ್ಕದಲ್ಲಿ ಇಲಿಯ ಹಿಕ್ಕೆ. ನೆಂಟರು ಊಟಕ್ಕೆ ಬರುವುದು ನಿಂತಿದೆ. (ಗುಡ್ ರಿಡನ್ಸ್.)

ಮೊನ್ನೆ ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡ ನಾದಿನಿ ಕೇಳಿದಳು: "ಆ ಇಲಿ ನೋಡಿ ನೋಡಿ ಏನು ಬಂತು?"

ಒಂದು ಜೀವವನ್ನು ವಾಸಿ ಮಾಡದೆ, ಕೊಲ್ಲದೆ, ಕೈಮುಗಿಯದೆ, ಸುಮ್ಮನೆ ನೋಡುವುದಕ್ಕೆ ನಮಗೇನು ಧಾಡಿ?