ಆವಿನ ಹಾಲಿನವರು ಗದ್ವಾಲಕ್ಕೆ ಹೋದದ್ದು

ಬೆಳಗಿನ ಏಳೂವರೆಗೆ ನಾರಾಯಣಪೇಟೆ ನಿಲ್ದಾಣದಲ್ಲಿ ಮಕ್ತಲ್ ಬಸ್ಸು ಹತ್ತಿದೆವು. ನಾನು, ನಮ್ಮ ಅತ್ತೆ, ಒಂದು ಫೋನು, ಅದನ್ನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು, ಕೈಚೀಲದಲ್ಲಿ ಸಜ್ಜೆ ರೊಟ್ಟಿ ಮತ್ತು ಶೇಂಗಾ ಹಿಂಡಿ. ಹೊರಡುವ ದೃಶ್ಯ ಇರಲಿ ಎಂದು ಫೋನು ಎತ್ತಿದೆ. ಅತ್ತೆ ಪಟ್ಟನೆ ಮುಖ ತಿರುಗಿಸಿ ಕಿಟಕಿ ನೋಡತೊಡಗಿದರು. ಎರಡು ತಿಂಗಳಿಂದ ಇದೇ ಆಟ. ಫೋನು ಇಟ್ಟರೆ ಮಾತು, ಎತ್ತಿದರೆ ಮೌನ.

ಕಂಡಕ್ಟರಮ್ಮ ಇಬ್ಬರ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೀಟು ಕೊಟ್ಟರು. ತೆಲಂಗಾಣದ ಹೆಣ್ಣುಮಕ್ಕಳಿಗೆ ಈ ಬಸ್ಸು ಪುಕ್ಕಟೆ. ಕಾರ್ಡಿನ ಮೇಲೆ ನಮ್ಮ ಹೆಸರು ತೆಲುಗಿನಲ್ಲಿದೆ, ಮನೆಯ ಮಾತು ಕನ್ನಡ, ಅತ್ತೆ ಬೈಯುವುದು ಎರಡರಲ್ಲೂ. ಸರ್ಕಾರಕ್ಕೆ ಇದರಿಂದ ಏನೂ ತೊಂದರೆಯಾಗಿಲ್ಲ. ತೊಂದರೆಯಾದದ್ದು ನನ್ನ ಚಾನೆಲ್ ನೋಡುವವರಿಗೆ.

ಮೂರು ವರ್ಷದಿಂದ ಅಡುಗೆಯ ಚಾನೆಲ್ ನಡೆಸುತ್ತಿದ್ದೇನೆ. ಅತ್ತೆ ಮಾಡುತ್ತ ಹೇಳುತ್ತಾರೆ, ನಾನು ಹಿಡಿದು ತೋರಿಸುತ್ತೇನೆ. ಮೊದಲೆರಡು ವರ್ಷ ನೋಡಿದವರು ನಮ್ಮ ಬೀಗರು ಮತ್ತು ಬೀಗರ ಬೀಗರು. ಆಮೇಲೆ ಗಿಣ್ಣದ ವಿಡಿಯೊ ಬಂತು. ಕರು ಹಾಕಿದ ಆಕಳ ಮೊದಲ ಹಾಲನ್ನು ಪಾತ್ರೆಗೆ ಸುರಿಯುತ್ತ ಅತ್ತೆ, “ಈದ ಆವಿನ ಹಾಲು ತಗೋರಿ” ಅಂದರು. ತೆಲುಗಿನಲ್ಲಿ ಆವು ಅಂದರೆ ಆಕಳು. ನಮ್ಮ ಮನೆಯಲ್ಲಿ ಎರಡೂ ನಡೆಯುತ್ತವೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಕೃಷ್ಣೆಯಾಚೆಯ ಕನ್ನಡಿಗರ ಕಿವಿಗೆ ಅದು ಹಾವು ಎಂದು ಬಿತ್ತು. ಮರಿ ಹಾಕಿದ ಹಾವಿನ ಹಾಲು! ವಿಡಿಯೊ ಊರೂರು ಸುತ್ತಿತು. ಇದು ಕನ್ನಡವೇ ಅಲ್ಲ ಅಂದರು, ಅಜ್ಜಿಗೆ ಮೊದಲು ಭಾಷೆ ಕಲಿಸಿ ಅಂದರು. ಬೈದವರೆಲ್ಲ ಹೋಗುತ್ತ ಚಾನೆಲ್ಲಿಗೆ ಸೇರಿಕೊಂಡೂ ಹೋದರು. ಒಂದೇ ವಾರದಲ್ಲಿ ಮಂದಿ ಮೂರು ಪಟ್ಟಾದರು. ಅತ್ತೆ ಬಾಯಿ ಮುಚ್ಚಿಕೊಂಡದ್ದು ಅದೇ ವಾರ.

ಹೋದ ಸೋಮವಾರ ಗದ್ವಾಲದ ಒಂದು ಸೀರೆ ಅಂಗಡಿಯಿಂದ ಫೋನು ಬಂತು. ನಮ್ಮ ಸೀರೆ ತೋರಿಸಿ ತಿಂಗಳಿಗೆ ಎರಡು ವಿಡಿಯೊ ಮಾಡಿ, ನಿಮ್ಮ ಚಾನೆಲ್ಲನ್ನು ನಾವೇ ದೊಡ್ಡದು ಮಾಡುತ್ತೇವೆ ಅಂದರು. ಷರತ್ತು ಎರಡು. ಮಾತು ಶುದ್ಧ ಬೆಂಗಳೂರು ಕನ್ನಡದಲ್ಲಿರಬೇಕು. ಹಾವಿನ ವಿಡಿಯೊ ಅಳಿಸಬೇಕು. ಆಡಬೇಕಾದ ಮಾತನ್ನೂ ಅವರೇ ಬರೆಸಿ ಕಳಿಸಿದ್ದರು. ನಾನು ಹೂಂ ಅಂದೆ. ಸುಳ್ಳೇಕೆ ಹೇಳಲಿ, ಕುಣಿದಾಡಿಬಿಟ್ಟೆ.

ಮಕ್ತಲ್ ತಲುಪಿದಾಗ ಒಂಬತ್ತು ಆಗಿರಲಿಲ್ಲ, ಬಿಸಿಲು ಮಾತ್ರ ಆಗಲೇ ಚುರುಗುಡುತ್ತಿತ್ತು. ಗದ್ವಾಲದ ಬಸ್ಸಿಗೆ ಒಂದೂವರೆ ತಾಸು ಇತ್ತು. ನನಗೆ ಶಾಲೆಯಲ್ಲಿ ಕನ್ನಡ ಕಲಿಸಿದ ಆಚಾರ್ ಮಾಸ್ತರರ ಮನೆ ಅಲ್ಲೇ ಹತ್ತಿರ. ಬರೆದುಕೊಟ್ಟ ಮಾತನ್ನು ಅವರಿಗೆ ತೋರಿಸಿ, ಉಚ್ಚಾರ ತಿದ್ದಿಸಿಕೊಂಡು ಹೋಗೋಣವೆಂದು ಹೊಕ್ಕೆವು. ಹಚ್ಚಿದ ಅವಲಕ್ಕಿ, ಚಹಾ ಬಂತು. ಮಾಸ್ತರರು ಹಾಳೆಯನ್ನು ಎರಡು ಸಲ ಓದಿ, ತಪ್ಪೇನೂ ಇಲ್ಲ, ಉಪ್ಪೂ ಇಲ್ಲ ಅಂದರು. ಆಮೇಲೆ ಗಿಣ್ಣದ ಸುದ್ದಿ ತೆಗೆದರು. ಅವರೂ ನೋಡಿದ್ದರು. ಒಳಗೆ ಹೋಗಿ ಟ್ರಂಕಿನಿಂದ ರಟ್ಟು ಹರಿದ ನಿಘಂಟೊಂದನ್ನು ತಂದು, ಬೆರಳಿಟ್ಟು ತೋರಿಸಿದರು. ಆವು ಎಂದರೆ ಆಕಳು, ಗೋವು.

“ಹಳಗನ್ನಡದಾಗ ಅದ ನೋಡವ್ವಾ ಗಿರಿಜಾ. ನಕ್ಕವರು ಓದಿಲ್ಲ, ಅಷ್ಟ.”

ನನಗೆ ರೆಕ್ಕೆ ಬಂತು. ಪುಟದ ಚಿತ್ರ ತೆಗೆದುಕೊಂಡೆ. ಇದನ್ನು ಹಾಕಿ ಒಬ್ಬೊಬ್ಬರ ಬಾಯಿ ಮುಚ್ಚಿಸುತ್ತೇನೆ ಎಂದು ಕೂಗಾಡಿದೆ. ಅಲ್ಲಿಯವರೆಗೆ ಚಹಾದ ಬಟ್ಟಲು ನೋಡುತ್ತ ಕುಳಿತಿದ್ದ ಅತ್ತೆ ತಲೆ ಎತ್ತಿದರು.

“ಬುಕ್ಕಿನಾಗ ಇರಲಿಲ್ಲಂದ್ರ ನಾ ಆಡಿದ್ದು ತಪ್ಪಾಗ್ತಿತ್ತೇನ್ರಿ ಮಾಸ್ತರ? ನಮ್ಮವ್ವ ಯಾವ ಬುಕ್ಕು ಓದಿ ಮಾತಾಡಿದ್ಲು?”

ಮಾಸ್ತರರು ನಿಘಂಟು ಮುಚ್ಚಿದರು. ತಪ್ಪಾಗುತ್ತಿರಲಿಲ್ಲ ತಾಯಿ ಎಂದು ಮೆಲ್ಲಗೆ ಹೇಳಿದರು. ಅವರ ಮುಂದೆಯೇ ನನ್ನ ಮುಖ ಸಪ್ಪಗಾಯಿತು. ಅತ್ತೆಯ ಪರವಾಗಿ ಜಗಳಕ್ಕೆ ನಿಂತಿದ್ದೇನೆ ಅಂದುಕೊಂಡಿದ್ದೆ. ಅವರ ಮಾತಿಗೆ ಪುಸ್ತಕದ ಜಾಮೀನು ಬೇಕೆಂದು ಒಪ್ಪಿಕೊಂಡವಳೂ ನಾನೇ ಆಗಿದ್ದೆ.

ಗದ್ವಾಲದ ಬಸ್ಸು ಹೊಲಗಳ ನಡುವೆ ಧೂಳೆಬ್ಬಿಸುತ್ತ ಹೋಯಿತು. ಜೂರಾಲ ಅಣೆಕಟ್ಟಿನ ಹತ್ತಿರ ಚಾಲಕ ಚಹಾಕ್ಕೆಂದು ನಿಲ್ಲಿಸಿದ. ಅಲ್ಲಿ ಸಾಲಾಗಿ ಮೀನು ಕರಿಯುವ ಅಂಗಡಿಗಳು, ಅರ್ಧ ಬಸ್ಸು ಅತ್ತ ಓಡಿತು. ನಾವು ತಿನ್ನುವವರಲ್ಲ. ವಾಸನೆಗೆ ಮೂಗು ಮುಚ್ಚಿಕೊಂಡು ನೀರಿನ ಕಡೆ ಹೋಗಿ ನಿಂತೆವು. ಕೃಷ್ಣೆ ತುಂಬಿರಲಿಲ್ಲ, ಗಾಳಿ ಮಾತ್ರ ತಂಪಾಗಿತ್ತು. ಅಲ್ಲಿ ಅತ್ತೆ ನನ್ನನ್ನು ಕೇಳಿದರು, ವಿಡಿಯೊದ ಮೇಲೆ ಹಾವು ಅಂತ ಬರೆದವಳು ಯಾರು ಎಂದು.

ಇಷ್ಟು ಹೊತ್ತು ನಿಮಗೂ ನಾನು ಈ ಮಾತು ಮುಚ್ಚಿಟ್ಟಿದ್ದೆ. ವಿಡಿಯೊ ತಾನಾಗಿ ಊರು ಸುತ್ತಲಿಲ್ಲ. ಮೊದಲ ದಿನ ಯಾರೋ ಒಬ್ಬರು ತಮಾಷೆ ಮಾಡಿದ್ದನ್ನು ನೋಡಿ, ನಾನೇ ತಲೆಬರಹ ಬದಲಿಸಿ “ಹಾವಿನ ಹಾಲಿನ ಗಿಣ್ಣ! ಅತ್ತೆ ಹೇಳಿದ್ದು ಕೇಳಿ” ಎಂದು ಬರೆದೆ. ಪಕ್ಕದಲ್ಲಿ ಹಲ್ಲು ಕಿರಿಯುವ ಮುಖ ಬೇರೆ ಅಂಟಿಸಿದೆ. ಮಂದಿ ಮುಗಿಬಿದ್ದರು. ಅತ್ತೆಗೆ ಓದು ಬರುವುದಿಲ್ಲ, ಗೊತ್ತಾಗಲಿಕ್ಕಿಲ್ಲ ಅಂದುಕೊಂಡೆ. ಪಕ್ಕದ ಮನೆಯ ಹುಡುಗಿ ಆ ವಾರವೇ ಓದಿ ಹೇಳಿದ್ದಳಂತೆ.

“ನಾನ ರಿ,” ಅಂದೆ.

“ನಕ್ಕವ್ರ ಮ್ಯಾಗ ನನ್ಗ ಸಿಟ್ಟಿಲ್ಲ. ಅವ್ರು ನನ್ನ ಕೈಯಾಗಿಂದು ಉಂಡವ್ರಲ್ಲ. ನೀ ಬಾಗಲಾಗ ನಿಂತು ಅವ್ರನ್ನ ಕರದಿ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಾಗಾದರೆ ಇಷ್ಟು ದೂರ ನನ್ನ ಜೊತೆ ಯಾಕೆ ಬಂದಿರಿ ಎಂದು ಕೇಳಿದೆ. ಗದ್ವಾಲ ಸೀರೆ ನೋಡಲು ಬಂದಿದ್ದೇನೆ ಅಂದರು. ಬಸ್ಸು ಹಾರ್ನ್ ಹೊಡೆಯಿತು, ಹೋಗಿ ಕುಳಿತೆವು.

ಅಂಗಡಿ ಕೋಟೆಯ ಹತ್ತಿರದ ಬಜಾರಿನಲ್ಲಿತ್ತು. ನಾವು ಹೋದಾಗ ಹನ್ನೆರಡೂವರೆ. ಮಾಲೀಕರು ಕಿವಿಗೆ ಫೋನು ಹಿಡಿದು, ಗುಳಿಗಿ ತಗೊಂಡಿಯೇನವ್ವಾ, ಬಿಸಿಲಾಗ ಹೊರಗ ಹೋಗಬ್ಯಾಡ ಎಂದು ತಾಯಿಗೆ ಹೇಳುತ್ತಿದ್ದರು. ಅದು ಅಪ್ಪಟ ನಮ್ಮ ಮನೆಯ ಮಾತು. ಫೋನು ಇಟ್ಟವರೇ ನಮ್ಮ ಜೊತೆ ತೆಲುಗಿಗೆ ಇಳಿದರು. ಒಳ್ಳೆಯ ಸೀರೆಯೊಂದನ್ನು ಅತ್ತೆಗೆ ಉಡಿಸಿದರು. ಮೈಯೆಲ್ಲ ನುಣುಪು ಹತ್ತಿ, ಅಂಚಿಗೆ ಅಂಗೈಯಗಲದ ರೇಷ್ಮೆ. ದೀಪ ಹಚ್ಚಿ, ಗಾದಿಯ ಮೇಲೆ ಕೂರಿಸಿ, ಪೆದ್ದಮ್ಮ, ಅಂದರೆ ದೊಡ್ಡಮ್ಮ, ನಗುತ್ತಿದ್ದರೆ ಸಾಕು, ಮಾತು ಬೇಡ ಅಂದರು. ಮಾತು ನನ್ನದು.

“ನಮಸ್ಕಾರ ವೀಕ್ಷಕರೇ” ಎಂದು ಶುರುಮಾಡಿದೆ. ಮೂರನೆಯ ಸಾಲಿಗೆ ನಾಲಗೆ ತೊಡರಿತು. ಮತ್ತೆ ಮೊದಲಿಂದ. ಮತ್ತೆ ತೊಡರಿತು. ಹಾಳೆಯಿಂದ ಕಣ್ಣು ತೆಗೆದು ಪಕ್ಕಕ್ಕೆ ನೋಡಿದೆ. ನಮ್ಮ ಅತ್ತೆ, ಊರಿನ ಯಾವ ಸಭೆಯಲ್ಲೂ ಮಾತು ತಡೆದುಕೊಂಡವರಲ್ಲ, ಹೇಳಿದಂತೆ ಬಾಯಿ ಮುಚ್ಚಿಕೊಂಡು ನಗುತ್ತ ಕುಳಿತಿದ್ದರು. ನನಗೋಸ್ಕರ ಕುಳಿತಿದ್ದರು. ಹಾಳೆ ಮಡಚಿ ಮಾಲೀಕರ ಮೇಜಿನ ಮೇಲೆ ಇಟ್ಟೆ.

“ನಮ್ಮ ಅತ್ತಿ ಮಾತಾಡಬಾರ್ದಂದ್ರ ನಾನೂ ಮಾತಾಡಂಗಿಲ್ರಿ.”

ಅವರಿಗೆ ಸಿಟ್ಟು ಬಂತು, ಬರುವಂಥದ್ದೇ. ಕರ್ನಾಟಕದ ಗಿರಾಕಿಗಳು ನಗುತ್ತಾರೆ, ಕೊಳ್ಳುವುದಿಲ್ಲ, ಇಂಥ ಅವಕಾಶ ಮತ್ತೆ ಬರುವುದಿಲ್ಲ ಎಂದು ತೆಲುಗಿನಲ್ಲಿ ಒಂದೇ ಸಮನೆ ಹೇಳಿದರು. ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ. ಈಗ ನಿಮ್ಮ ತಾಯಿಯ ಜೊತೆ ಆಡಿದಿರಲ್ಲ, ಆ ಮಾತಿನಲ್ಲಿ ನೀವೇ ಸೀರೆ ಮಾರಿ ನೋಡಿ, ನಗುವವರು ನಗಲಿ ಅಂದೆ. ಅವರು ಎದ್ದು ಹೋಗಿ ದೀಪ ಆರಿಸಿದರು. ಅತ್ತೆ ಒಳಗೆ ಹೋಗಿ ತಮ್ಮ ಸೀರೆ ಉಟ್ಟುಕೊಂಡು ಬಂದರು. ಹೊರಗೆ ಬಂದ ಮೇಲೆ, ಸೀರೆಯೇನೋ ಚಲೋ ಇತ್ತು ಎಂದು ನಿಟ್ಟುಸಿರು ಬಿಟ್ಟರು.

ಕೋಟೆಯ ಗೋಡೆಯ ನೆರಳಿನಲ್ಲಿ ರೊಟ್ಟಿ ಬಿಚ್ಚಿದೆವು. ಉಂಡು ಕೈ ತೊಳೆದು ಫೋನು ತೆಗೆದೆ. ವಿಡಿಯೊ ಅಳಿಸಲಿಲ್ಲ. ಮೇಲಿನ ತಲೆಬರಹ ಕಿತ್ತುಹಾಕಿ, ಏನು ಬರೆಯಲಿ ಎಂದು ಅತ್ತೆಯನ್ನೇ ಕೇಳಿದೆ. ಅವರು ಬಾಯಲ್ಲಿ ಹೇಳಿದರು, ನಾನು ಒಂದಕ್ಷರ ಬದಲಿಸದೆ ಬರೆದೆ: “ಈದ ಆವಿನ ಹಾಲಿನ ಗಿಣ್ಣ. ಮಾಡಿದಾಕಿ ಸಂಗಮ್ಮ, ನಾರಾಯಣಪ್ಯಾಟಿ.” ಮೂರು ವರ್ಷದಲ್ಲಿ ಅವರ ಹೆಸರು ಚಾನೆಲ್ಲಿನಲ್ಲಿ ಬಂದದ್ದು ಅದೇ ಮೊದಲು. ಕೆಳಗೆ ನನ್ನ ಮಾತು ಸೇರಿಸಿದೆ. ಹಾವು ಎಂದು ಬರೆದವಳು ಸೊಸೆ ಗಿರಿಜಾ, ತಪ್ಪು ಅವಳದು, ಅತ್ತೆಯ ಮಾತಿನಲ್ಲಿ ತಪ್ಪಿಲ್ಲ. ನಿಘಂಟಿನ ಪುಟವನ್ನು ಹಾಕಲಿಲ್ಲ.

ನಾಲ್ಕು ಗಂಟೆಗೆ ವಾಪಸು ಬಸ್ಸು ಸಿಕ್ಕಿತು. ಕಿಟಕಿಯಿಂದ ಹಿಂದಿರುಗಿ ನೋಡಿದಾಗ ಕೋಟೆಯ ಗೋಡೆ ಇನ್ನೂ ಕಾಣುತ್ತಿತ್ತು, ಚಾನೆಲ್ಲಿನ ಮಂದಿ ಆಗಲೇ ಕರಗತೊಡಗಿದ್ದರು. ತಮಾಷೆ ಮುಗಿದ ಮೇಲೆ ಅವರಿಗೇನು ಕೆಲಸ. ಎಷ್ಟು ಜನ ಹೋದರು ಎಂದು ಅತ್ತೆ ಕೇಳಿದರು. ಹೇಳಿದೆ. ಉಳಿದವರು ಏನು ಬರೆದಿದ್ದಾರೆ, ಜೋರಾಗಿ ಓದು ಅಂದರು. ಒಳ್ಳೆಯದನ್ನೇ ಆರಿಸಿ ಓದಹೊರಟೆ. ಅದೆಲ್ಲ ಬೇಡ, ಮೇಲಿಂದ ಸಾಲಾಗಿ ಓದು ಎಂದು ಗದರಿದರು. ಎಲ್ಲಕ್ಕಿಂತ ಮೇಲೆ ಯಾರೋ ಒಬ್ಬ ನಗುವ ಮುಖ ಹಾಕಿ, “ಅಜ್ಜಿ, ಇದ್ಯಾವ ಭಾಷೆ?” ಎಂದು ಬರೆದಿದ್ದ. ಓದಿದೆ. ಅತ್ತೆ ಕ್ಯಾಮರಾ ಹಚ್ಚು ಅಂದರು. ಹಚ್ಚಿದೆ. ಎರಡು ತಿಂಗಳ ಮೇಲೆ ಅವರು ನೆಟ್ಟಗೆ ಫೋನಿನೊಳಗೆ ನೋಡಿದರು. ಮುಂದಿನ ಸೀಟಿನವರೂ ತಿರುಗಿ ನೋಡುತ್ತಿದ್ದರು.

“ನಕ್ಕೀಯಲ್ಲಪ್ಪ, ಅಂದ್ರ ತಿಳದೈತಿ. ತಿಳದ ಮ್ಯಾಲ ಯಾವ ಭಾಷಾ ಅಂತ ಯಾಕ ಕೇಳ್ತಿ?”

ಆಮೇಲೆ ಫೋನಿನಿಂದ ಕಣ್ಣು ತೆಗೆಯದೆ ನನಗೆ, “ಇನ್ನೊಂದು ಓದು,” ಅಂದರು.